ಎಂಟನೇ ಬಿ ಕ್ಲಾಸಿನ ಟೀಚರಿಗೆ ದೊಡ್ಡಮ್ಮನ ಪತ್ರ

ಬ್ರಹ್ಮಾವರ
ಆಟಿ ತಿಂಗಳು, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತದ್ದು ಕೇಳಿ ನನಗೆ ನಿದ್ದೆಯೇ ಬರಲಿಲ್ಲ. ಮಳೆ ಬೇರೆ ಜೋರು, ನೀನು ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಇಲ್ಲ. ಅದಕ್ಕೇ ಬೆಳಿಗ್ಗೆ ಕಾಫಿ ಕುಡಿದು ಬರೆಯಲು ಕೂತಿದ್ದೇನೆ. ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ, ನಾಳೆ ಶಾಲೆಗೆ ಹೊರಡುವ ಮೊದಲು ಓದು.

ಎಂಟನೇ ಬಿ ನಿನ್ನ ಮಾತು ಕೇಳುವುದಿಲ್ಲ, ಬೊಬ್ಬೆ ಹಾಕಿ ಹಾಕಿ ಸ್ವರ ಬಿದ್ದಿದೆ, ಶುಕ್ರವಾರ ತಡೆಯಲಾರದೆ ಒಬ್ಬ ಹುಡುಗನಿಗೆ "ನೀನು ಜನ್ಮದಲ್ಲಿ ಉದ್ಧಾರ ಆಗುವುದಿಲ್ಲ" ಎಂದುಬಿಟ್ಟೆ, ಅಲ್ವಾ? ಮೊದಲು ಆ ಹುಡುಗನ ವಿಷಯ ಮುಗಿಸೋಣ. ಬಾಕಿದ್ದು ಆಮೇಲೆ.

ನಿನಗೆ ಈವರೆಗೆ ಹೇಳದ ಒಂದು ಸಂಗತಿ ಇದೆ. ನನಗೆ ಆಗ ಆರೇ ವರ್ಷ ಸರ್ವಿಸ್. ಕಡಲ ಬದಿಯ ಒಂದು ಶಾಲೆಯಲ್ಲಿ ಇದ್ದೆ. ಏಳನೇ ಕ್ಲಾಸಿನ ಒಬ್ಬ ಹುಡುಗ ದಿನಾ ತಡ. ನವೆಂಬರಿನ ಒಂದು ಬೆಳಿಗ್ಗೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ಮನೆಯಲ್ಲಿ ಗಡಿಯಾರ ಇಲ್ವಾ, ಇಲ್ಲ ನಿನಗೆ ನೋಡಲಿಕ್ಕೆ ಬರುವುದಿಲ್ವಾ?" ಎಂದು ಕೇಳಿದೆ. ಇಡೀ ಕ್ಲಾಸು ನಕ್ಕಿತು. ಅವನ ಅಂಗಿಯ ಕಿಸೆಯಿಂದ ಒಂದು ಕೆಂಪು ರಿಬ್ಬನ್ ಇಳಿಬಿದ್ದಿತ್ತು. ನಾನು ನೋಡಿದೆ. ಆದರೆ ಕೇಳಲಿಲ್ಲ. ಹುಡುಗ ಆ ರಿಬ್ಬನನ್ನು ಮೆಲ್ಲ ಒಳಗೆ ತುರುಕಿಕೊಂಡು ಹಿಂದಿನ ಬೆಂಚಿನಲ್ಲಿ ಹೋಗಿ ಕೂತ.

ಅವನ ತಾಯಿ ಬೆಳಕು ಹರಿಯುವ ಮೊದಲೇ ಮೀನಿಗೆ ಬಂದರಿನ ದಕ್ಕೆಗೆ ಹೋಗುತ್ತಿದ್ದರು. ತಂದೆ ಬೋಟಿಗೆ ಹೋದರೆ ವಾರಗಟ್ಟಲೆ ಮನೆಯಲ್ಲಿ ಇಲ್ಲ. ಪುಟ್ಟ ತಂಗಿಗೆ ಗಂಜಿ ಕೊಟ್ಟು, ಜಡೆ ಹಾಕಿ, ಅಂಗನವಾಡಿಯ ಬಾಗಿಲು ತೆರೆಯುವವರೆಗೆ ಕಾದು ಬಿಟ್ಟು ಬರುವುದು ಇವನ ಕೆಲಸ. ಇದು ನನಗೆ ಗೊತ್ತಾದದ್ದು ಮಾರ್ಚಿನಲ್ಲಿ, ಅದೂ ಬೇರೆಯವರ ಬಾಯಿಂದ. ನವೆಂಬರಿನಿಂದ ಮಾರ್ಚಿನವರೆಗೆ ಆ ಹುಡುಗ ನನ್ನ ಒಂದು ಪ್ರಶ್ನೆಗೂ ತಾನಾಗಿ ಕೈ ಎತ್ತಿರಲಿಲ್ಲ. ಪರೀಕ್ಷೆ ಮುಗಿದು ರಜೆ ಬಂತು, ಅವನು ಬೇರೆ ಶಾಲೆಗೆ ಹೋದ. ನಾನು ಕ್ಷಮೆ ಕೇಳಲೇ ಇಲ್ಲ. ಕೇಳಬಹುದಿತ್ತು ಪುಟ್ಟಿ. ಅದು ಇಂದಿಗೂ ಚುಚ್ಚುತ್ತದೆ.

ನಿನಗೆ ಇನ್ನೂ ಸಮಯ ಇದೆ. ನಾಳೆ ಹಾಜರಿ ಕರೆದಾದ ಮೇಲೆ ಹೇಳು. ಬೈದದ್ದು ಎಲ್ಲರ ಎದುರು, ಹಾಗಾಗಿ ಇದೂ ಎಲ್ಲರ ಎದುರೇ ಆಗಬೇಕು. "ಶುಕ್ರವಾರ ನಾನು ನಿನಗೆ ಹಾಗೆ ಹೇಳಬಾರದಿತ್ತು. ನನ್ನ ತಪ್ಪು." ಇಷ್ಟು ಸಾಕು. "ಆದರೆ ನೀನೂ ಗಲಾಟೆ ಮಾಡಿದ್ದಿ" ಎಂದು ಬಾಲ ಸೇರಿಸಬೇಡ. ಹೇಳಿದ ಕೂಡಲೇ ಪಾಠ ಶುರು ಮಾಡು. ಟೀಚರ್ ಸಣ್ಣವಳಾಗಿಬಿಡುತ್ತಾಳೆ ಎಂದು ಹೆದರಬೇಡ. ತಪ್ಪು ಒಪ್ಪಿದ ಟೀಚರನ್ನು ಮಕ್ಕಳು ಯಾವತ್ತೂ ಸಸಾರ ಮಾಡಿದ್ದು ನಾನು ನೋಡಿಲ್ಲ.

ಸ್ಟಾಫ್ ರೂಮಿನಲ್ಲಿ ಯಾರೋ "ನಾಲ್ಕು ಬಿಟ್ಟರೆ ಸರಿಯಾಗ್ತಾರೆ" ಎಂದರಂತೆ. ಅವರ ಮಾತು ಕೇಳಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ನಾವು ಬೆತ್ತ ಬಿಟ್ಟೆವು, ನಾಲಿಗೆಯನ್ನು ಬಿಡಲಿಲ್ಲ. ನಾನು ಆ ಹುಡುಗನಿಗೆ ಕೈ ಮುಟ್ಟಿಸಿರಲಿಲ್ಲ, ನೆನಪಿರಲಿ.

ಇನ್ನು ಗಲಾಟೆಯ ವಿಷಯ. ನಲವತ್ತೆರಡು ಮಕ್ಕಳು ಒಂದು ಕೋಣೆಯಲ್ಲಿ ಕೂತರೆ ಶಬ್ದ ಆಗಿಯೇ ಆಗುತ್ತದೆ. ಗಲಾಟೆ ಎದ್ದ ಮೇಲೆ ಹೇಗೆ ಜೋರು ಮಾಡುವುದು ಎಂದು ನೀನು ಕೇಳುತ್ತಿದ್ದೀ. ಅಮೆರಿಕದ ಜೇಕಬ್ ಕೌನಿನ್ ಕ್ಲಾಸುಗಳನ್ನು ವಿಡಿಯೋ ಮಾಡಿ ನೋಡಿದವರು, 1970ರಲ್ಲಿ ಪುಸ್ತಕವನ್ನೂ ಬರೆದರು. ಗಲಾಟೆ ಎದ್ದ ಮೇಲೆ ಟೀಚರು ಹೇಗೆ ಗದರಿದರು ಎನ್ನುವುದರಿಂದ ಹೇಳುವಷ್ಟು ವ್ಯತ್ಯಾಸವೇ ಕಾಣಲಿಲ್ಲ ಅವರಿಗೆ. ಕೋಣೆಯ ಮೂಲೆ ಮೂಲೆಯಲ್ಲಿ ಏನಾಗುತ್ತಿದೆ ಎಂದು ಗೊತ್ತಿದ್ದ, ಪಾಠವನ್ನು ನಡುವೆ ನಿಲ್ಲಿಸದೆ ಸಾಗಿಸಿದ ಟೀಚರುಗಳ ಕ್ಲಾಸಿನಲ್ಲಿ ಗಲಾಟೆಯೇ ಕಡಿಮೆ ಇತ್ತು.

ನಿನ್ನ ಮೊದಲ ಐದು ನಿಮಿಷ ಹೇಗೆ ಹೋಗುತ್ತದೆ ನೋಡಿಕೋ. ಡಸ್ಟರ್ ಹುಡುಕುವುದು, ಹಾಜರಿ ಕರೆಯುವುದು, ಪುಸ್ತಕ ಹಂಚುವುದು. ಆ ಹೊತ್ತಿಗೆ ಮಕ್ಕಳಿಗೆ ಕೆಲಸ ಇಲ್ಲ. ಕೆಲಸ ಇಲ್ಲದ ಕೈ ಪೋಕರಿ ಮಾಡದೆ ಏನು ಮಾಡೀತು? ನಾನು ಒಳಗೆ ಬಂದವಳೇ ಬೋರ್ಡಿನ ಎಡಬದಿಯಲ್ಲಿ ಒಂದು ಸಣ್ಣ ಲೆಕ್ಕ ಬರೆದುಬಿಡುತ್ತಿದ್ದೆ. ಅದನ್ನು ಮಾಡುತ್ತಾ ಇರುವಾಗಲೇ ಹಾಜರಿ. ಹದಿನೈದು ದಿನ ಬಿಡದೆ ಮಾಡಿದರೆ ಹದಿನಾರನೇ ದಿನ ನೀನು ಬಾಗಿಲಲ್ಲಿ ಕಂಡಾಗಲೇ ಪುಸ್ತಕ ಹೊರಗೆ ಬರುತ್ತದೆ. ಆದರೆ ಬಿಡದೆ ಮಾಡಬೇಕು. ಒಂದು ದಿನ ಮಾಡಿ ಎರಡು ದಿನ ಬಿಟ್ಟರೆ ಸುಮ್ನೆ.

ಹಾಗೆಯೇ, ಹೇಳಿದ್ದನ್ನು ಮಾಡು, ಮಾಡಲಾಗದ್ದನ್ನು ಹೇಳಬೇಡ. "ಇನ್ನೊಮ್ಮೆ ಮಾತಾಡಿದರೆ ಎಲ್ಲರಿಗೂ ಪಿ.ಟಿ. ಕಟ್" ಎಂದು ಹೇಳಿದ್ದಿಯಂತೆ. ಮಾತಾಡಿದ್ದು ನಾಲ್ಕು ಜನ. ಸುಮ್ಮನೆ ಕೂತ ಮೂವತ್ತೆಂಟು ಮಕ್ಕಳು ಏನು ತಪ್ಪು ಮಾಡಿದರು? ಪಿ.ಟಿ. ಪೀರಿಯಡ್ ಮಕ್ಕಳದ್ದು ಮಾರಾಯ್ತಿ, ಅದಕ್ಕೆ ಕೈ ಹಾಕಬೇಡ.

ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಬೊಬ್ಬೆ ಹಾಕುವುದನ್ನಂತೂ ಇಂದೇ ಬಿಡು. ನಮ್ಮ ಊರಿನ ಜುಲೈ ಮಳೆಯ ಎದುರು ಯಾವ ಟೀಚರಿನ ಸ್ವರವೂ ನಿಲ್ಲುವುದಿಲ್ಲ. ಆ ದಿನ ಪ್ರಶ್ನೆ ಬೋರ್ಡಿಗೆ ಬರೆ, ಇಬ್ಬಿಬ್ಬರು ಕೂತು ಉತ್ತರ ಬರೆಯಲಿ. ನೀನು ಬೆಂಚುಗಳ ನಡುವೆ ಓಡಾಡು. ಹಿಂದಿನ ಬೆಂಚಿನ ಹತ್ತಿರ ಬಗ್ಗಿ, ಮೆಲ್ಲ ಮಾತಾಡು. ಬುದ್ಧಿ ಹೇಳುವುದಿದ್ದರೂ ಹಾಗೇ ಹೇಳು, ಒಬ್ಬನ ಕಿವಿಗೆ ಮಾತ್ರ ಕೇಳುವಷ್ಟು.

"ಪ್ರಶ್ನೆ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ" ಎಂದೂ ಹೇಳಿದಿ. ನೀನು ಎಷ್ಟು ಹೊತ್ತು ಕಾಯುತ್ತೀ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎನ್ನುವವರು 1970ರ ದಶಕದಲ್ಲಿ ಲೆಕ್ಕ ಹಾಕಿ ನೋಡಿದಾಗ ಟೀಚರುಗಳು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನಷ್ಟು ಮಾತ್ರ. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ಅವರು ತೋರಿಸಿದರು. ನಮ್ಮ ಮಕ್ಕಳಿಗೆ ಮೂರೂ ಸಾಲದು ಎನ್ನುತ್ತೇನೆ ನಾನು. ನಿನ್ನ ಕ್ಲಾಸಿನಲ್ಲಿ ಮನೆಮಾತು ಎಷ್ಟಿದೆ ಲೆಕ್ಕ ಹಾಕು. ತುಳು, ಬ್ಯಾರಿ, ಕೊಂಕಣಿ, ಎಲ್ಲ ಇರುತ್ತದೆ. ಮಗು ನಿನ್ನ ಕನ್ನಡ ಕೇಳಿ, ತುಳುವಿನಲ್ಲಿ ಯೋಚಿಸಿ, ಮತ್ತೆ ಪುಸ್ತಕದ ಕನ್ನಡ ಹುಡುಕಿ ತರಬೇಕು. ಅಷ್ಟರಲ್ಲಿ ನೀನು "ಗೊತ್ತಿಲ್ವಾ? ಕೂತ್ಕೋ" ಎಂದರೆ ಅದು ಬಾಯಿಗೆ ಬಂದದ್ದನ್ನು ನುಂಗಿ ಕೂರುತ್ತದೆ. ಮೊದಲು ತುಳುವಿನಲ್ಲೇ ಹೇಳಲಿ ಬಿಡು. ಆಮೇಲೆ ಇಬ್ಬರೂ ಸೇರಿ ಕನ್ನಡ ಮಾಡಿ.

ಬಾಗಲಕೋಟೆ, ಗದಗ ಕಡೆಯಿಂದ ಕೂಲಿಗೆ ಬಂದವರ ಮಕ್ಕಳೂ ಇದ್ದಾರಂತಲ್ಲ. ಅವರು "ಹೌದ್ರೀ" ಎಂದ ಕೂಡಲೇ ಉಳಿದವರು ಕುಶಾಲು ಮಾಡಿ ನಗುತ್ತಾರೆ. ಆಗ ಮಾತ್ರ ನೀನು ಗಟ್ಟಿಯಾಗಿ ನಿಲ್ಲಬೇಕು. ಪಾಠ ನಿಂತರೂ ಪರವಾಗಿಲ್ಲ. ಅದೂ ಕನ್ನಡವೇ, ಚಂದದ ಕನ್ನಡ ಎಂದು ಹೇಳು. ಅವರ ಊರಿನ ಮಾತು ಒಂದೆರಡು ನೀನೂ ಕಲಿ. ಊರು ಬಿಟ್ಟು ಬಂದ ಮಗುವಿಗೆ ಕ್ಲಾಸಿನಲ್ಲೂ ಪರದೇಶ ಆಗಬಾರದು.

ಬಿಸಿಯೂಟದ ಹೊತ್ತಿಗೆ ವಾರಕ್ಕೆ ಎರಡು ದಿನವಾದರೂ ಮಕ್ಕಳ ಸಾಲಿನಲ್ಲಿ ಕೂತು ಉಣ್ಣು. ಪ್ರಶ್ನೆ ಕೇಳಲು ಹೋಗಬೇಡ. ಸಾಂಬಾರಿನ ವಿಷಯ ಮಾತಾಡಿದರೂ ಸಾಕು. ಯಾರ ಮನೆಯಲ್ಲಿ ಭೂತದ ನೇಮ ಇತ್ತು, ಯಾರ ಅಜ್ಜಿ ಆಸ್ಪತ್ರೆಯಲ್ಲಿ ಇದ್ದಾರೆ, ಯಾರ ಅಮ್ಮ ರಾತ್ರಿಯೆಲ್ಲ ಬೀಡಿ ಕಟ್ಟಿದರು ಎನ್ನುವುದೆಲ್ಲ ಅಲ್ಲಿ ತಾನಾಗಿ ಬರುತ್ತದೆ. ನಿದ್ದೆ ತೂಗುವ ಹುಡುಗಿಗೆ ಯಾಕೆ ನಿದ್ದೆ ಎಂದು ಗೊತ್ತಿದ್ದರೆ ನಿನ್ನ ಬಾಯಿಯಿಂದ ಬರುವ ಮಾತೇ ಬೇರೆ.

ಇನ್ನೊಂದು. ಶಾಲೆಯಿಂದ ಫೋನ್ ಎಂದರೆ ಮನೆಯವರಿಗೆ ಗಾಬರಿ, ಯಾಕೆಂದರೆ ನಾವು ದೂರು ಹೇಳಲಿಕ್ಕೆ ಮಾತ್ರ ಫೋನ್ ಮಾಡುವುದು. ಒಮ್ಮೆ ಒಬ್ಬಳ ತಾಯಿಗೆ "ನಿಮ್ಮ ಮಗಳು ಇವತ್ತು ಬಿದ್ದ ಹುಡುಗಿಯನ್ನು ಎತ್ತಿ ಗಾಯ ತೊಳೆದಳು" ಎಂದಷ್ಟೇ ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಷ್ಟೇನಾ ಟೀಚರ್? ಬೇರೆ ಎಂತ ಇಲ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ಮರುದಿನ ಆ ಹುಡುಗಿ ಎರಡು ಜಡೆ ಹಾಕಿ, ಅಬ್ಬಲಿಗೆ ಮುಡಿದು, ಎದುರಿನ ಬೆಂಚಿಗೆ ಬಂದು ಕೂತಳು. ನೀನೂ ವಾರಕ್ಕೆ ಎರಡು ಮನೆಗೆ ಹೀಗೆ ಫೋನ್ ಮಾಡು. ಜಾಸ್ತಿ ಗಲಾಟೆ ಮಾಡುವವರ ಮನೆಯಿಂದ ಶುರು ಮಾಡು.

ಸ್ವರಕ್ಕೆ ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು, ತಣ್ಣಗಿನದ್ದು ಏನೂ ಕುಡಿಯಬೇಡ. ಮುಂದಿನ ಭಾನುವಾರ ಬಸ್ಸು ಹತ್ತಿ ಬಾ. ಹಿತ್ತಲಲ್ಲಿ ಕೆಸುವಿನ ಎಲೆ ಬೇಕಾದಷ್ಟಿದೆ, ಪತ್ರೊಡೆ ಮಾಡುತ್ತೇನೆ. ನಿನ್ನೆ ಅಷ್ಟು ಹೊತ್ತು ಮಾತಾಡಿದರೂ ನೀನು "ಒಬ್ಬ ಹುಡುಗ" ಎಂದೇ ಹೇಳಿದಿ, ಹೆಸರು ಹೇಳಲಿಲ್ಲ. ಬರುವಾಗ ಅವನ ಹೆಸರು ಹೇಳು. ಮನೆಯಲ್ಲಿ ಯಾರ‍್ಯಾರು ಇದ್ದಾರೆ, ಶಾಲೆಗೆ ಹೇಗೆ ಬರುತ್ತಾನೆ, ಅದನ್ನೂ.

ನಿನ್ನ
ದೊಡ್ಡಮ್ಮ