‘ತಡಿಯೋ, ಕೋರ್ಟ್ ನಡೀತಿದೆ’

ಕಳೆದ ಸಲ ಅಮ್ಮ ಆರು ತಿಂಗಳಿಗೆ ಇಲ್ಲಿಗೆ ಬಂದಿದ್ದರು. ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿಟ್ಟು, ಹುರುಳಿಕಾಯಿ ನಾರು ತೆಗೆಯುತ್ತಾ ‘ಮುಕ್ತ ಮುಕ್ತ’ ಧಾರಾವಾಹಿಯ ಹಳೇ ಕಂತು ನೋಡುತ್ತಿದ್ದರು. ಕಾಫಿ ಕೇಳಿದರೆ ಒಂದೇ ಉತ್ತರ: “ತಡಿಯೋ, ಕೋರ್ಟ್ ನಡೀತಿದೆ.” ತೆರೆಯ ಮೇಲೆ ಕರಿಕೋಟಿನ ವಕೀಲ ಸಿ.ಎಸ್.ಪಿ. ವಾದ ಮಾಡುತ್ತಿದ್ದರು. ಅಂದರೆ ಆ ಪಾತ್ರ ಮಾಡಿದ ಟಿ.ಎನ್. ಸೀತಾರಾಮ್. ಬರೆದವರೂ ಅವರೇ, ನಿರ್ದೇಶಿಸಿದವರೂ ಅವರೇ.

ಸೀತಾರಾಮ್ ಓದಿದ್ದು ಕಾನೂನು, ಸೆಳೆದದ್ದು ನಾಟಕ. ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ಬರೆದರು. 1976ರಲ್ಲಿ ಲಂಕೇಶರ ‘ಪಲ್ಲವಿ’ ಸಿನಿಮಾದಲ್ಲಿ ನಾಯಕನಾದರು. ಮನೆಮನೆಗೆ ಪರಿಚಯವಾದದ್ದು ಮಾತ್ರ 1998ರಲ್ಲಿ, ದೂರದರ್ಶನದ ಚಂದನ ವಾಹಿನಿಗೆ ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ಸೇರಿ ಮಾಡಿದ ‘ಮಾಯಾಮೃಗ’ದಿಂದ. ಆಮೇಲೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’. ನಡುವೆ ಭೈರಪ್ಪನವರ ಕಾದಂಬರಿ ಆಧರಿಸಿದ ‘ಮತದಾನ’ ಸಿನಿಮಾ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ನನಗೆ ಅವರಲ್ಲಿ ಇಷ್ಟವಾಗುವುದು ವಕೀಲನ ಬುದ್ಧಿ. ಅವರ ಕಥೆಯಲ್ಲಿ ತಪ್ಪು ಮಾಡಿದವನಿಗೂ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಇರುತ್ತದೆ. ಅವನ ವಾದ ಕೇಳಿ ‘ಹೌದಲ್ವಾ’ ಅನ್ನಿಸುವಷ್ಟರಲ್ಲಿ ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಅತ್ತೆ ಕಣ್ಣರಳಿಸಿದ ಕೂಡಲೇ ಕ್ಯಾಮೆರಾ ಮೂರು ಸಲ ಅವಳ ಮುಖಕ್ಕೆ ನುಗ್ಗಬೇಕಾಗಿಲ್ಲ. ಮಾತಲ್ಲೇ ಬಿಸಿ ಏರುತ್ತದೆ. ಹಾಗಂತ ಎಲ್ಲವೂ ಹಿಡಿಸುತ್ತದೆ ಅಂತಲ್ಲ. ಕೆಲವೊಮ್ಮೆ ಮಾತು ಜಾಸ್ತಿಯೇ ಆಗುತ್ತದೆ. ಒಂದು ಹಿಯರಿಂಗ್ ಮುಗಿಯುವುದರೊಳಗೆ ಅಮ್ಮನ ಪಲ್ಯವೇ ಆಗಿಹೋಗಿರುತ್ತಿತ್ತು!

ದಿನಾ ಒಂದು ಕಂತು ಕೊಡುವುದೆಂದರೆ ಸುಮ್ನೆ ಅಲ್ಲ. ಇವತ್ತು ಶೂಟಿಂಗ್, ನಾಳೆಗೆ ದೃಶ್ಯ ಬರೆದಿರಬೇಕು, ಕಲಾವಿದರ ಡೇಟ್ಸ್ ಹೊಂದಬೇಕು, ಅದರ ಮೇಲೆ ಟಿಆರ್‌ಪಿ ಕಾಟ. ಬರೆಯುವವನೇ ನಿರ್ಮಾಪಕನೂ ಆದರೆ ಖರ್ಚಿನ ಲೆಕ್ಕ ಬೇರೆ. ನಮ್ಮ ಸಂಘದ ಈ ಸುದ್ದಿಪತ್ರ ಬರುವುದೇ ಮೂರು ತಿಂಗಳಿಗೊಂದು ಸಲ, ಅಷ್ಟಕ್ಕೇ ನಾನು ಲೇಖನಕ್ಕಾಗಿ ನಿಮ್ಮೆಲ್ಲರಿಗೂ ಫೋನ್ ಮಾಡಿ ಪೀಡಿಸುತ್ತೇನೆ.

ಐಪಿಎಸ್ ಅಧಿಕಾರಿಣಿಯ ಕಥೆಯಿರುವ ಸೀತಾರಾಮ್ ಅವರ ‘ಮಗಳು ಜಾನಕಿ’ ಧಾರಾವಾಹಿ 2018ರಲ್ಲಿ ಶುರುವಾಗಿ, 2020ರ ಲಾಕ್‌ಡೌನ್‌ನಲ್ಲಿ ಅರ್ಧಕ್ಕೇ ನಿಂತಿತು. ಅಮ್ಮನಿಗೆ ಈಗಲೂ ಆ ಸಿಟ್ಟಿದೆ. ಮೊನ್ನೆ ಫೋನಿನಲ್ಲೂ ಕೇಳಿದರು: “ಆ ಹುಡುಗಿ ಕಥೆ ಮುಂದೇನಾಯ್ತು ಅಂತ ನಿಮ್ಮ ಸಂಘದವರಿಗೆ ಯಾರಿಗಾದ್ರೂ ಗೊತ್ತೇನೋ?”