ನನಗಾಗಿ ರೋಗಿಗಳಾದವರಿಗೆ

ಕಳೆದ ವಾರ ಓಇಟಿ ರಿಸಲ್ಟ್ ಬಂತು. ಸ್ಪೀಕಿಂಗ್‌ನಲ್ಲಿ 380. ಬೇಕಿದ್ದದ್ದು 350. ನೈಟ್ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ನೋಡಿದೆ. ಅಮ್ಮ ಒಳಗಿನಿಂದ "ಏನಾಯ್ತೇ?" ಅಂತ ಎರಡು ಸಲ ಕೇಳಿದರು. ಅಳು ಬಂತು, ಉತ್ತರ ಬರಲಿಲ್ಲ. ಅವತ್ತಿನಿಂದ ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದೇನೆ, ನಿಜ. ಆದರೆ ಯಾರು ಏನು ಮಾಡಿದರು ಅಂತ ಬರೆದೇ ಹೇಳಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಓಇಟಿ ಅಂದರೆ ಡಾಕ್ಟರು, ನರ್ಸು, ಫಾರ್ಮಸಿಸ್ಟ್ ಹೀಗೆ ಆಸ್ಪತ್ರೆ ಕೆಲಸದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ರಿಜಿಸ್ಟರ್ ಆಗಲು ಅಲ್ಲಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿ ಇದನ್ನು ಒಪ್ಪುತ್ತದೆ. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ ಬಿ ಗ್ರೇಡ್, ಅಂದರೆ 500ಕ್ಕೆ 350 ಬೇಕು. ರೈಟಿಂಗ್‌ಗೆ ಸಿ ಪ್ಲಸ್ ಸಾಕು. ಸ್ಪೀಕಿಂಗ್ ಅಂದರೆ ರೋಲ್‌ಪ್ಲೇ: ರೋಗಿಯಾಗಿಯೋ ರೋಗಿಯ ಮನೆಯವರಾಗಿಯೋ ನಟಿಸುವವರ ಜೊತೆ, ಕಾರ್ಡಿನಲ್ಲಿ ಕೊಟ್ಟ ಸಂದರ್ಭಕ್ಕೆ ತಕ್ಕಂತೆ ನಾವು ನರ್ಸ್ ಆಗಿ ಮಾತಾಡಬೇಕು. ಮೊದಲ ಸಲ ನನಗೆ ಉಳಿದ ಮೂರೂ ಆಗಿತ್ತು. ಸ್ಪೀಕಿಂಗ್ ಮಾತ್ರ 320. ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಫೀಸು ಕಟ್ಟಿದ್ದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಇದು ನನ್ನ ಕೈಲಿ ಆಗಲ್ಲ ಅಂತ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟೆ.

ಅವನ್ನು ಅಲ್ಲಿಂದ ಕೆಳಗಿಳಿಸುವ ಹಾಗೆ ಮಾಡಿದ್ದು ಚೇಚಿ. ಮಲಯಾಳಂನಲ್ಲಿ ಚೇಚಿ ಅಂದರೆ ಅಕ್ಕ. ಮೊದಲು ನಮ್ಮ ವಾರ್ಡಿನಲ್ಲೇ ಇದ್ದವರು, ಈಗ ಬ್ರಿಟನ್ನಿನ ಲೀಡ್ಸ್‌ನಲ್ಲಿ ನರ್ಸ್. "ನೀನು ಪ್ರಾಕ್ಟೀಸ್ ಮಾಡೋದನ್ನ ರೆಕಾರ್ಡ್ ಮಾಡಿ ಕಳಿಸು" ಅಂದರು. ಕಳಿಸಿದೆ. ತಮ್ಮ ಡ್ಯೂಟಿ ಮುಗಿದ ಮೇಲೆ ಪೂರ್ತಿ ಕೇಳಿ, "ಐದು ನಿಮಿಷದಲ್ಲಿ ರೋಗಿಗೆ ಎಷ್ಟು ಪ್ರಶ್ನೆ ಕೇಳಿದ್ದೀಯ, ಎಣಿಸು" ಅಂದರು. ಎಣಿಸಿದೆ. ಒಂದೇ ಒಂದು. ಅದೂ ಹೆಸರು ಕೇಳಿದ್ದು. 'ಐ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್' ಅಂತ ಮಾತ್ರ ಮೂರು ಸಲ ಹೇಳಿದ್ದೆ. ರೋಗಿ ತನ್ನ ಚಿಂತೆ ಏನು ಅಂತ ಇನ್ನೂ ಬಾಯಿ ಬಿಟ್ಟೇ ಇರಲಿಲ್ಲ. ಕೋಚಿಂಗ್‌ನಲ್ಲಿ ಕೊಟ್ಟ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡು ನಿಲ್ಲಿಸದೆ ಒಪ್ಪಿಸುತ್ತಿದ್ದೆ. ಮಾರ್ಕ್ಸ್ ಕೊಡಲು ನೋಡುವ ಒಂಬತ್ತು ವಿಷಯಗಳಲ್ಲಿ ನಾಲ್ಕು ಭಾಷೆಗೆ, ಐದು ರೋಗಿಯ ಜೊತೆ ಹೇಗೆ ಮಾತಾಡುತ್ತೇವೆ ಅನ್ನೋದಕ್ಕೆ. ಆ ಐದನ್ನು ನಾನು ಯೋಚನೆಯೇ ಮಾಡಿರಲಿಲ್ಲ.

ಚೇಚಿ ಕನ್ನಡ ಕಲಿತದ್ದು ನಮ್ಮ ವಾರ್ಡಿನಲ್ಲಿ. 'ಹೊಟ್ಟೆ ತೊಳಸುತ್ತೆ' ಅಂದರೇನು ಅಂತ ಅವರಿಗೆ ಹೇಳಿಕೊಟ್ಟವಳು ನಾನೇ. ಈಗ 'ಮೋಷನ್ ಆಯ್ತಾ' ಅಂತ ನಾವು ಕೇಳುವುದಕ್ಕೆ ಅಲ್ಲಿ 'ಹ್ಯಾವ್ ಯು ಓಪನ್ಡ್ ಯುವರ್ ಬವೆಲ್ಸ್' ಅನ್ನುತ್ತಾರೆ ಅಂತ ಅವರು ನನಗೆ ಹೇಳಿಕೊಟ್ಟರು. ಹೈಪರ್‌ಟೆನ್ಷನ್ ಅನ್ನಬೇಡ, ಹೈ ಬ್ಲಡ್ ಪ್ರೆಷರ್ ಅನ್ನು, ರೋಗಿಗೆ ಅರ್ಥ ಆಗೋ ಮಾತಾಡು ಅಂತ ಎಷ್ಟು ಸಲ ತಿದ್ದಿದರೋ. ಚೇಚಿ, ನಿಮ್ಮ ನಿದ್ದೆಯ ಲೆಕ್ಕ ನನ್ನ ಹತ್ತಿರ ಇದೆ.

ಮೇಲಿನ ಮನೆ ಮೇಷ್ಟ್ರು ರಿಟೈರ್ ಆದ ಇಂಗ್ಲಿಷ್ ಲೆಕ್ಚರರ್. ದಿನಾ ಸಂಜೆ ಅರ್ಧ ಗಂಟೆ ಕೊಟ್ಟರು. ನಾನು 'ಎವ್ರಿ'ಯನ್ನು 'ಯೆವ್ರಿ' ಅಂದಾಗ, 'ಓನ್ಲಿ'ಯನ್ನು 'ವೋನ್ಲಿ' ಅಂದಾಗ ಪೆನ್ನಿನಿಂದ ಟೇಬಲ್ ಮೆಲ್ಲಗೆ ತಟ್ಟುತ್ತಿದ್ದರು. ಬೈಯಲಿಲ್ಲ. "ಕನ್ನಡದ ನಾಲಿಗೆ, ಅದು ಹಾಗೇ ಹೊರಳೋದು. ಆದರೆ ಫಿಫ್ಟೀನು, ಫಿಫ್ಟಿ ಎರಡೂ ಒಂದೇ ಥರ ಕೇಳಿಸಿದರೆ ಮಾತ್ರೆ ಲೆಕ್ಕ ತಪ್ಪುತ್ತಮ್ಮ" ಅಂದರು. ಆಮೇಲೆ ಅವರೇ ಸಿಟ್ಟಾದ ಮಗನಾಗಿ, ಅಪ್ಪನಿಗೆ ಯಾಕೆ ಇನ್ನೂ ಡಿಸ್ಚಾರ್ಜ್ ಮಾಡಿಲ್ಲ ಅಂತ ನನ್ನ ಮೇಲೆ ರೇಗಾಡಿದರು. ಅಷ್ಟು ಮೆದು ಮನುಷ್ಯ, ನನಗೋಸ್ಕರ.

ಇನ್ನು ಅಮ್ಮ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಒಂದು ದಿನ ಯಾರೂ ಸಿಗದೆ, "ನೀನೇ ರೋಗಿ ಆಗಮ್ಮ, ಕನ್ನಡದಲ್ಲೇ ಮಾಡೋಣ" ಅಂದೆ. ಕಾರ್ಡಿನಲ್ಲಿ ಇದ್ದದ್ದು ಹೊಸದಾಗಿ ಇನ್ಸುಲಿನ್ ಶುರು ಮಾಡಬೇಕಾದ ಹೆಂಗಸು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮಂಚದ ಮೇಲೆ ಬಂದು ಕೂತರು. ಇಂಜೆಕ್ಷನ್ ಎಲ್ಲಿ ಚುಚ್ಚಬೇಕು, ಫ್ರಿಜ್ಜಿನಲ್ಲಿ ಹೇಗಿಡಬೇಕು, ಶುಗರ್ ಲೋ ಆದರೆ ಏನು ಮಾಡಬೇಕು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಮ್ಮ ಸುಮ್ನೆ ಕೇಳಿದರು. ಆಮೇಲೆ ಅಂದರು: "ಇಷ್ಟೊತ್ತು ಮಾತಾಡಿದೆಯಲ್ಲ, ನಿಂಗೇನಾದ್ರೂ ಭಯ ಆಗ್ತಿದ್ಯಾ ಅಂತ ಒಂದ್ ಮಾತು ಕೇಳಿದ್ಯಾ?"

ವಾರ್ಡಿನಲ್ಲಿ ನಾನು ಹಾಗಲ್ಲ. ಮೊದಲು ಪಕ್ಕದಲ್ಲಿ ನಿಂತು "ಯಾಕಜ್ಜಿ, ನಿದ್ದೆ ಬರಲಿಲ್ವಾ?" ಅಂತ ಕೇಳಿಯೇ ಮುಂದಿನ ಮಾತು. ಇಂಗ್ಲಿಷ್ ಅಂದ ಕೂಡಲೇ ಅದೆಲ್ಲ ಬಿಟ್ಟುಹೋಗುತ್ತಿತ್ತು. ಅವತ್ತಿನಿಂದ ಪ್ರತಿ ಕಾರ್ಡನ್ನೂ ಮೊದಲು ಅಮ್ಮನ ಜೊತೆ ಕನ್ನಡದಲ್ಲಿ ಆಡಿದೆ, ಆಮೇಲೆ ಮೇಷ್ಟ್ರ ಜೊತೆ ಇಂಗ್ಲಿಷಿನಲ್ಲಿ. ಎರಡು ತಿಂಗಳಲ್ಲಿ ಅಮ್ಮನಿಗೆ ಅಸ್ತಮಾ, ಮಂಡಿ ಆಪರೇಷನ್, ಸುಟ್ಟ ಗಾಯ, ಎಲ್ಲ ಬಂದು ಹೋಯಿತು.

ಡ್ಯೂಟಿ ಬದಲಾಯಿಸಿಕೊಂಡ ವಾರ್ಡಿನ ಗೆಳತಿಯರಿಗೆ, ಎರಡನೇ ಸಲದ ಫೀಸಿಗೆ ಕೇಳದೇ ದುಡ್ಡು ಕೊಟ್ಟ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್. ಅಣ್ಣ, ಅದನ್ನು ತೀರಿಸ್ತೀನಿ, ಬೇಡ ಅನ್ನಬೇಡ.

ಪರೀಕ್ಷೆಯಲ್ಲಿ ಎರಡು ರೋಲ್‌ಪ್ಲೇ. ಒಂದೊಂದಕ್ಕೂ ಕಾರ್ಡ್ ಓದಿಕೊಳ್ಳಲು ಮೂರು ನಿಮಿಷ, ಮಾತಿಗೆ ಐದು ನಿಮಿಷ. ರೋಗಿಯಾಗಿ ಮಾತಾಡುವವರು ಮಾರ್ಕ್ಸ್ ಹಾಕುವುದಿಲ್ಲ, ರೆಕಾರ್ಡಿಂಗ್ ಕೇಳಿ ಬೇರೆಯವರು ಹಾಕುತ್ತಾರೆ. ನನ್ನ ಕಾರ್ಡಿನಲ್ಲಿ ಏನಿತ್ತು ಅಂತ ಬರೆಯುವ ಹಾಗಿಲ್ಲ. ಆದರೆ ಎರಡನೆಯದರಲ್ಲಿ ಒಂದು ಕಡೆ ರೋಗಿಯಾದವರು ಮಾತು ಅರ್ಧಕ್ಕೆ ನಿಲ್ಲಿಸಿದರು. ಮೊದಲಾಗಿದ್ದರೆ ಆ ಜಾಗಕ್ಕೆ ಒಂದು ಬಾಯಿಪಾಠದ ಸಾಲು ತುಂಬುತ್ತಿದ್ದೆ. ಈ ಸಲ ಕಾದೆ. ಆಮೇಲೆ, ಏನು ಜಾಸ್ತಿ ಹೆದರಿಕೆ ಆಗ್ತಿದೆ ಅಂತ ಕೇಳಿದೆ. ಅವರು ಹೇಳಿದರು. ಅಲ್ಲಿಂದ ಮುಂದೆ ನಾನು ಇಂಗ್ಲಿಷ್ ಮಾತಾಡ್ತಿದ್ದೀನಿ ಅನ್ನೋದೇ ಮರೆತುಹೋಯಿತು.

ಈ ಭಾನುವಾರ ನಮ್ಮ ವಾರ್ಡಿನ ಇಬ್ಬರು ಹುಡುಗಿಯರು ಪ್ರಾಕ್ಟೀಸಿಗೆ ಮನೆಗೆ ಬರ್ತಿದ್ದಾರೆ. ಮೇಷ್ಟ್ರು ಬರ್ತೀನಿ ಅಂದಿದ್ದಾರೆ. ಅಮ್ಮ, ತನಗೆ ಈ ಸಲ ಯಾವ ಕಾಯಿಲೆ ಅಂತ ನಿನ್ನೆಯಿಂದ ಕೇಳ್ತಿದ್ದಾರೆ.