ಗೆಳೆಯನಿಗೊಂದು ಪತ್ರ: ಅಪ್ಪನ ಬಿಳಿ ಲಾಡಿ

ಪ್ರೀತಿಯ ಗೆಳೆಯಾ,

ನೀನು ಫೋನ್ ಮಾಡಿದ ದಿನ ಸರಿಯಾಗಿ ಮಾತಾಡಲು ಆಗಲಿಲ್ಲ. ಮನೆ ತುಂಬ ಜನ. "ಹೇಗಾಯ್ತೋ?" ಅಂತ ಕೇಳಿದೆ, ನಾನು "ಅಪ್ಪ ನಿದ್ದೆಯಲ್ಲೇ ಹೋದರು" ಅಂದು ಇಟ್ಟುಬಿಟ್ಟೆ. ಹೇಳುವುದಕ್ಕೆ ಜಾಸ್ತಿ ಏನೂ ಇರಲೂ ಇಲ್ಲ. ಹಿಂದಿನ ಸಂಜೆ ಪಕ್ಕದ ಮನೆಯವರ ಬಾಗಿಲಿನ ಚಿಲಕ ಸರಿಮಾಡಿ ಬಂದಿದ್ದರು. ಉಂಡು ಮಲಗಿದರು. ಬೆಳಿಗ್ಗೆ ಐದಾದರೂ ಬಚ್ಚಲಲ್ಲಿ ನೀರಿನ ಸದ್ದು ಕೇಳಲಿಲ್ಲ. ಅಷ್ಟಕ್ಕೇ ಅಮ್ಮನಿಗೆ ಗೊತ್ತಾಯಿತು.

ಬಂದವರೆಲ್ಲ ಯುದ್ಧದ ಮಾತೇ ಆಡಿದರು. ಎಪ್ಪತ್ತೊಂದರ ವೀರ, ದೇಶಕ್ಕಾಗಿ ಹೋರಾಡಿದವರು, ಹೀಗೆ. ಬೀದಿಯ ಹುಡುಗರು ಪ್ರೀತಿಯಿಂದ ಒಂದು ಫ್ಲೆಕ್ಸ್ ಮಾಡಿಸಿದ್ದರು. ಅಪ್ಪನ ಹಳೆಯ ಯೂನಿಫಾರ್ಮ್ ಫೋಟೋ, ಹಿಂದೆ ಒಂದು ಯುದ್ಧವಿಮಾನ! ಅಪ್ಪ ಸ್ಯಾಪರ್ ಕಣೋ, ಸೇನೆಯ ಎಂಜಿನಿಯರಿಂಗ್ ಪಡೆಯ ಸೈನಿಕ. ವಿಮಾನಕ್ಕೂ ಅವರಿಗೂ ಸಂಬಂಧವೇ ಇಲ್ಲ. ಅವರೇ ನೋಡಿದ್ದರೆ ಮೊದಲು ಫ್ಲೆಕ್ಸಿನ ಚೌಕಟ್ಟಿಗೆ ಹೊಡೆದ ಮೊಳೆ ಸೊಟ್ಟಗಿದೆ ಅನ್ನುತ್ತಿದ್ದರು.

ಅವತ್ತು ಆಡಲಾಗದ ಮಾತು ತಲೆಯಲ್ಲೇ ಉಳಿದಿದೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಅವರು ಸೇನೆಗೆ ಸೇರಿದ್ದು 1963ರಲ್ಲಿ. ಚೀನಾ ಯುದ್ಧವಾದ ಮರುವರ್ಷ, ಸೈನ್ಯಕ್ಕೆ ಜನ ಬೇಕಿತ್ತು. ಯಾಕೆ ಹೋದಿರಿ ಅಂತ ಒಮ್ಮೆ ಕೇಳಿದ್ದೆ. "ಮನೇಲಿದ್ದದ್ದು ಒಂದೆತ್ತು. ಇನ್ನೊಂದು ತರೋಕೆ ದುಡ್ಡು ಬೇಕಿತ್ತು" ಅಂದರು. ಎರಡನೇ ಎತ್ತು ಬಂತು. ಅಪ್ಪ ಮಾತ್ರ 18 ವರ್ಷ ವಾಪಸ್ ಬರಲಿಲ್ಲ.

ಬೆಂಗಳೂರಿನಲ್ಲಿ ಹಲಸೂರು ಕೆರೆ ಹತ್ತಿರ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆಯಲ್ಲ, ತರಬೇತಿ ಅಲ್ಲೇ. 1780ರಲ್ಲಿ ಶುರುವಾದ ಪಡೆ ಅದು. ಅಲ್ಲಿಯವರನ್ನು ಸೈನ್ಯದಲ್ಲೆಲ್ಲ "ತಂಬಿ" ಅಂತಲೇ ಕರೆಯುವುದು. ಬಂದೂಕಿನ ಜೊತೆಗೆ ಕೈಗೊಂದು ಕಸುಬನ್ನೂ ಕಲಿಸುತ್ತಾರೆ. ಅಪ್ಪನಿಗೆ ಬಂದದ್ದು ಮರಗೆಲಸ. ಸೇತುವೆ ಕಟ್ಟುವುದು, ಮೈನ್ ಅಂದರೆ ನೆಲಬಾಂಬು ಹೂಳುವುದು, ಹೂತದ್ದನ್ನು ತೆಗೆಯುವುದು ಎಲ್ಲರಿಗೂ ಇದ್ದದ್ದೇ.

1971ರ ಡಿಸೆಂಬರಿನಲ್ಲಿ ಅವರು ಶಕರ್‌ಗಢದ ಕಡೆ ಇದ್ದರು. ಪಾಕಿಸ್ತಾನದ ಜೊತೆಗಿನ ಪಶ್ಚಿಮದ ಗಡಿ, ಬಸಂತರ್ ಅಂತ ಒಂದು ನದಿ. ಬಾಂಗ್ಲಾದೇಶ ಹುಟ್ಟಿದ್ದು ನಮಗೆಲ್ಲ ನೆನಪಿರುತ್ತದೆ, ಈ ನದಿಯ ಹೆಸರು ಬಹಳ ಜನ ಕೇಳಿರುವುದಿಲ್ಲ. 15ರ ರಾತ್ರಿ ನಮ್ಮ ಕಾಲಾಳುಗಳು ಆಚೆ ದಡ ಹಿಡಿದರು. ಅವರ ಹಿಂದೆಯೇ ಟ್ಯಾಂಕುಗಳು ಹೋಗಬೇಕು. ಆದರೆ ನೆಲದ ತುಂಬ ಮೈನ್. ದಾರಿ ಮಾಡಿಕೊಡಬೇಕಾದವರು ಸ್ಯಾಪರ್‌ಗಳು. 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಆ ಕೆಲಸದಲ್ಲೇ ಜೀವ ಬಿಟ್ಟರು. ಅವರಿಗೆ ಮಹಾವೀರ ಚಕ್ರ ಬಂತು. ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಮೈನ್ ನಡುವೆಯೇ ನುಗ್ಗಿದವು. 16ನೇ ತಾರೀಕು 21 ವರ್ಷದ ಅರುಣ್ ಖೇತ್ರಪಾಲ್ ತಮ್ಮ ಟ್ಯಾಂಕಿನಲ್ಲೇ ತೀರಿಕೊಂಡರು. ಅವರದು ಪರಮವೀರ ಚಕ್ರ.

ಇದೆಲ್ಲ ನಾನು ಓದಿ ತಿಳಿದದ್ದು. ಅಪ್ಪ ಹೇಳಿದ್ದು ಕೆಲಸ ಹೇಗೆ ಮಾಡುವುದು ಅನ್ನುವುದನ್ನು ಮಾತ್ರ. ಬೋರಲು ಮಲಗಿ, ಉದ್ದನೆಯ ಕಂಬಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು. ನೇರ ಚುಚ್ಚಿದರೆ ಮೈನಿನ ನೆತ್ತಿಗೆ ತಾಗುತ್ತದೆ. ಓರೆಯಾದರೆ ಪಕ್ಕೆಗೆ. ಏನಾದರೂ ತಾಗಿತೋ, ನಿಲ್ಲಿಸಿ ಬೆರಳಲ್ಲಿ ಮಣ್ಣು ಸರಿಸಬೇಕು. ಹಾಗೇ ಮುಂದೆ ಮುಂದೆ. ಸ್ವಚ್ಛವಾದ ದಾರಿಯ ಎರಡೂ ಬದಿಗೆ ಬಿಳಿ ಲಾಡಿ ಎಳೆಯುತ್ತಾ ಹೋಗಬೇಕು. ಹಿಂದೆ ಬರುವವನಿಗೆ ಕತ್ತಲಲ್ಲೂ ಕಾಣಬೇಕು. "ಹೆದರಿಕೆ ಆಗ್ತಿರಲಿಲ್ವಾ?" ಅಂತ ಅಣ್ಣ ಕೇಳಿದ. "ಚಳಿ ಆಗ್ತಿತ್ತು" ಅಂದರು.

ಅಮ್ಮನ ಕಡೆಯ ಕಥೆಯೂ ಇದೆ. ಮದುವೆಯಾಗಿ ಎರಡು ವರ್ಷ, ಅಕ್ಕ ಹೊಟ್ಟೆಯಲ್ಲಿ. ಪತ್ರದ ವಿಳಾಸದಲ್ಲಿ ಊರೇ ಇಲ್ಲ. ನಂಬರು, ಹೆಸರು, ಯೂನಿಟ್ಟು, ಆಮೇಲೆ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ, ಅಷ್ಟೇ. ಗಂಡ ಎಲ್ಲಿದ್ದಾನೆ ಅಂತ ಕೇಳಿದವರಿಗೆಲ್ಲ ಅಮ್ಮ "ಐವತ್ತಾರರಲ್ಲಿ" ಅನ್ನುತ್ತಿದ್ದರಂತೆ. ಅದೊಂದು ಊರು ಅಂದುಕೊಂಡಿದ್ದರು ಪಾಪ.

ಡಿಸೆಂಬರ್ 17ಕ್ಕೆ ಆ ಕಡೆಯೂ ಗುಂಡು ನಿಂತಿತು. ಆದರೆ ಅಪ್ಪ ಮನೆಗೆ ಬರಲಿಲ್ಲ. ಟ್ಯಾಂಕಿನವರು ಮಾತಾಡುವಾಗ ಯುದ್ಧ ಎರಡು ವಾರದ್ದು. ಸ್ಯಾಪರ್‌ಗೆ ಅಲ್ಲಿಂದಲೇ ಶುರು. ಮಣ್ಣೊಳಗಿನ ಮೈನಿಗೆ ಯುದ್ಧ ಮುಗಿದದ್ದು ಗೊತ್ತಾಗುವುದಿಲ್ಲವಲ್ಲ. ತಿಂಗಳುಗಟ್ಟಲೆ ಅದನ್ನೇ ಎತ್ತಿದರು. ಗುಂಡು ನಿಂತ ಮೇಲೆ ತೀರಿಕೊಂಡ ಗೆಳೆಯರೂ ಇದ್ದರಂತೆ, ಆ ಹೆಸರು ಬಂದಾಗ ಅಪ್ಪ ಎದ್ದು ಮರಗೆಲಸದ ಶೆಡ್ಡಿಗೆ ಹೋಗುತ್ತಿದ್ದರು. ಕೊನೆಗೆ ಪಾಕಿಸ್ತಾನದ ಜೊತೆ ಸಿಮ್ಲಾ ಒಪ್ಪಂದವಾಗಿ ಗೆದ್ದ ಆ ನೆಲವನ್ನು ವಾಪಸ್ ಕೊಟ್ಟದ್ದೂ ಆಯಿತು. ನನಗೆ ಅದನ್ನು ಓದಿ ಸಿಟ್ಟು ಬಂದಿತ್ತು. ಅಪ್ಪನಿಗೆ ಬರಲಿಲ್ಲ. "ಅವರ ಹೊಲ ಅದು. ಗೋಧಿ ಹಾಕ್ಕೋಬೇಕಲ್ಲ" ಅಂದರು. ಆ ಗಡಿಯ ಯುದ್ಧದಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಪದಕ ಟ್ರಂಕಿನಲ್ಲಿತ್ತು. ಅದರ ಪಕ್ಕದಲ್ಲೇ ಉಳಿ ಮಸೆಯುವ ಕಲ್ಲು.

1981ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದಾಗ ಅವರಿಗೆ 40 ಕೂಡ ಆಗಿರಲಿಲ್ಲ. ಲೆಕ್ಕ ಹಾಕು. ಮುಂದೆ ಬದುಕಿದ್ದು 40 ವರ್ಷಕ್ಕೂ ಜಾಸ್ತಿ. ಅದರ ಬಗ್ಗೆ ಅವತ್ತು ಒಬ್ಬರೂ ಒಂದು ಮಾತು ಆಡಲಿಲ್ಲ. ನನಗೆ ಬೇಜಾರಾದದ್ದು ಅದಕ್ಕೇ.

ನಿನಗೆ ಗೊತ್ತಿರುವ ಅಪ್ಪ ಆ ಅಪ್ಪನೇ. ಬೆಳಿಗ್ಗೆ ಐದರಿಂದ ಒಂಬತ್ತು ಶೆಡ್ಡಿನಲ್ಲಿ ಕೀಸುಳಿ. ಹತ್ತರಿಂದ ಬ್ಯಾಂಕಿನ ಬಾಗಿಲಲ್ಲಿ ಜೋಡಿನಳಿಗೆ ಬಂದೂಕು. ಸಂಜೆ ಮತ್ತೆ ಶೆಡ್ಡು. 22 ವರ್ಷ ಕಾದರೂ ಆ ಬಂದೂಕಿನಿಂದ ಒಂದು ಗುಂಡೂ ಹಾರಲಿಲ್ಲ. ಜನರಿಗೆ ಚಲನ್ ಬರೆದುಕೊಟ್ಟದ್ದೇ ಹೆಚ್ಚು. ನಮ್ಮ ಬೀದಿಯಲ್ಲಿ ಅವರು ಕೂರಿಸದ ಬಾಗಿಲು ಎಷ್ಟಿವೆ ಹೇಳು? ನಿನಗೊಂದು ಬ್ಯಾಟ್ ಮಾಡಿಕೊಟ್ಟಿದ್ದರು ನೆನಪಿದೆಯಾ, ಹಲಸಿನ ಮರದ್ದು? ಎತ್ತಲಿಕ್ಕೇ ಇಬ್ಬರು ಬೇಕಿತ್ತು. ಔಟಾದರೂ ನೀನು ಅದನ್ನೇ ಹಿಡಿದೆ, ಅವರು ನೋಡುತ್ತಿದ್ದರು ಅಂತ.

ಸುಮ್ನೆ ಹೊಗಳಿ ಬರೆಯುವುದೂ ಬೇಡ. ಕೂತು ಹರಟುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಣ್ಣನ ಬೆನ್ನ ಮೇಲೆ ಮರದ ಸ್ಕೇಲು ಎಷ್ಟು ಸಲ ಮುರಿದಿದೆಯೋ. ಅಕ್ಕ ಪಿಯುಸಿಯಲ್ಲಿ ಚೆನ್ನಾಗಿ ಓದಿದ್ದಳು, ಮುಂದೆ ಓದಿಸಲಿಲ್ಲ. ದುಡ್ಡಿಲ್ಲ ಅಂದರು. ಆಮೇಲೆ ನನ್ನ ಓದಿಗೆ ದುಡ್ಡು ಹೇಗೋ ಬಂತು. ಅಕ್ಕ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಮರೆಯಲೂ ಇಲ್ಲ.

80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ ಕೊಡುತ್ತಾರೆ. ಅಪ್ಪನ ನಿಜವಾದ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಮೇಷ್ಟ್ರು ಬರೆಸಿದ್ದೇ ದಾಖಲೆ. ಆ ದಿನಕ್ಕೆ ಕಾದು ಕೂತಿದ್ದರು, ಮಗುವಿನ ಹಾಗೆ. ನಾವು ನಗುತ್ತಿದ್ದೆವು, ಈ ವಯಸ್ಸಲ್ಲಿ ಇದೇನು ಆಸೆ ಅಂತ. ಮೊದಲ ತಿಂಗಳು ಬಂದ ಹೆಚ್ಚಿನ ಹಣವನ್ನು ಅಕ್ಕನ ಮಗಳ ಫೀಸಿಗೆ ಕೊಟ್ಟರು. ಆಮೇಲೂ ಪ್ರತಿ ತಿಂಗಳು. ಅಕ್ಕನಿಗೆ ಏನೂ ಹೇಳಲಿಲ್ಲ. ಹೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ತೋರಿಸಬೇಕು ತಾನೇ? ಬೆರಳಿಟ್ಟರೆ ಸಾಕು ಅನ್ನುವ ಮೆಷಿನ್ ಬಂದ ಮೇಲೆ ಅಪ್ಪನಿಗೆ ಕಷ್ಟವಾಯಿತು. ಉಳಿ ಹಿಡಿದೂ ಹಿಡಿದೂ ಬೆರಳಿನ ಗೆರೆಗಳೇ ಸವೆದಿದ್ದವು. ಹತ್ತು ಬೆರಳಿಟ್ಟರೂ ಮೆಷಿನ್ ಒಪ್ಪಲಿಲ್ಲ. ಕೌಂಟರಿನ ಹುಡುಗಿ "ತಾತಾ, ನೀವು ಬರ್ತಾ ಇಲ್ಲ" ಅಂದಳು. "ಬಂದಿದ್ದೀನಲ್ಲಮ್ಮ, ಬಸ್ಸಲ್ಲಿ" ಅಂದರು. ಆಮೇಲೆ ಪ್ರತಿ ವರ್ಷ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶೂಸಿಗೆ ಪಾಲಿಶ್ ಹಾಕಿ, ಖುದ್ದು ಹೋಗಿ ಕಾಗದಕ್ಕೆ ಸಹಿ ಹಾಕಿ ಬರುತ್ತಿದ್ದರು.

ಹನ್ನೊಂದನೇ ದಿನ ಟ್ರಂಕು ತೆಗೆದೆವು. ಮೇಲೆಯೇ ಒಂದು ಫೈಲು ಇತ್ತು. ಡಿಸ್ಚಾರ್ಜ್ ಪುಸ್ತಕ, ಪಿಪಿಒ ಅಂದರೆ ಪಿಂಚಣಿ ಆದೇಶದ ನಕಲು, ಜಂಟಿ ಖಾತೆಯ ಪಾಸ್‌ಬುಕ್, ಇಬ್ಬರೂ ಕೂತು ತೆಗೆಸಿದ ಫೋಟೋ ಆರು ಪ್ರತಿ. ಸೇನೆಯ ದಾಖಲೆಯಲ್ಲಿ ಅಮ್ಮನ ಹೆಸರಲ್ಲಿ ಒಂದು ಅಕ್ಷರ ತಪ್ಪಿತ್ತು. ಅದನ್ನು ಸರಿಮಾಡಿಸಲು ಎಷ್ಟು ವರ್ಷ ಓಡಾಡಿದ್ದರೋ, ಒಂದೊಂದು ಅರ್ಜಿ, ಒಂದೊಂದು ರಸೀದಿ ತಾರೀಕಿನ ಪ್ರಕಾರ ಜೋಡಿಸಿದ್ದರು. ನಮಗೆ ಯಾರಿಗೂ ಸುಳಿವಿರಲಿಲ್ಲ. ಮೊದಲು ಯಾವ ಕಾಗದ ಯಾರಿಗೆ ಕೊಡಬೇಕು, ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಫೈಲಿಗೆ ಬಿಳಿ ಲಾಡಿ ಕಟ್ಟಿತ್ತು.

ಮೊನ್ನೆ ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಕುಟುಂಬ ಪಿಂಚಣಿಗೆ. ಒಂದೇ ಒಂದು ಕಾಗದಕ್ಕೂ ವಾಪಸ್ ಕಳಿಸಲಿಲ್ಲ. ಮೆಷಿನ್ ಮುಂದೆ ಕೂತಾಗ ಅಮ್ಮ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಇಟ್ಟರು. ಮೊದಲನೇ ಸಲಕ್ಕೇ ಬಂತು.

ರಜೆ ಸಿಕ್ಕರೆ ಬಾ. ನಿನ್ನ ಬ್ಯಾಟು ಇನ್ನೂ ಶೆಡ್ಡಿನಲ್ಲೇ ಇದೆ.

ನಿನ್ನ ಗೆಳೆಯ